ಬುಟ್ಟಿಯಾಗಿ ಹೋದ ಕಾರ್ಡು

ನೆನೆದ ಮೆಂತ್ಯವನ್ನು ಹಳೆಯ ಕಾಗದದ ಜೊತೆ ರುಬ್ಬಿದಾಗ ಒಂದು ವಾಸನೆ ಬರುತ್ತದೆ. ಮೊದಲು ಕಹಿ, ಆಮೇಲೆ ಸ್ವಲ್ಪ ಹುಳಿ, ಕೊನೆಗೆ ಮಳೆಯಲ್ಲಿ ನೆಂದ ಪುಸ್ತಕದ ಮುಗ್ಗಲು. ಮೊರಕ್ಕೆ ಈ ಹಿಟ್ಟು ಬಳಿಯುತ್ತಿದ್ದ ಮುದುಕಿಯೊಬ್ಬಳು ನಿಮ್ಮ ಮನೆಯಲ್ಲೂ ಇದ್ದಿದ್ದರೆ ನಾನು ಇಷ್ಟು ಹೇಳಿದ್ದೇ ಸಾಕು, ನಿಮ್ಮ ಮೂಗಿಗೂ ಬಂದಿರುತ್ತದೆ. ಕೋಲಾರದಲ್ಲಿ ಹಿರಿಯರು ಹಗಲು ಹೊತ್ತು ಬಂದು ಕೂತು, ಮಾತಾಡಿ, ಸಂಜೆ ಮನೆಗೆ ಹೋಗುವ ಒಂದು ಕೇಂದ್ರವಿದೆ. ವಾರಕ್ಕೊಂದು ದಿನ ಅಲ್ಲಿ ನಾನು ಕೈಕೆಲಸ ಹೇಳಿಕೊಡುತ್ತೇನೆ. ಕಷ್ಟದ್ದೇನಲ್ಲ. ನಡುಗುವ ಕೈಗೆ, ಮಂಜಾದ ಕಣ್ಣಿಗೆ ಆಗುವಂಥದ್ದು, ಹೋಗುವಾಗ ಜೊತೆಗೆ ಒಯ್ದು ಮನೆಯವರಿಗೆ ತೋರಿಸುವಂಥದ್ದು. ಹಳೆ ಬಳೆಗಳಿಗೆ ಉಲ್ಲನ್ ಸುತ್ತಿ ಬಾಗಿಲಿಗೆ ತೋರಣ ಮಾಡಿದೆವು, ಹತ್ತಿಯ ಗೆಜ್ಜೆವಸ್ತ್ರ ಮಾಡಿದೆವು. ಕಳೆದ ತಿಂಗಳು ಕಾಗದದ ಬುಟ್ಟಿ ಮಾಡೋಣ ಎಂದು ನಾನೇ ಹೇಳಿ, ನಾನೇ ಸಿಕ್ಕಿಹಾಕಿಕೊಂಡೆ. ಕಾಗದ ತನ್ನಿ ಅಂದದ್ದಕ್ಕೆ ಎಲ್ಲರೂ ಮನೆಯ ಮೂಲೆಮೂಲೆ ಕೆರೆದು ಕಂತೆ ಕಂತೆ ತಂದಿದ್ದರು. ನಾನು ಒಂದೊಂದನ್ನೂ ಬಿಡಿಸಿ, ತಿರುಗಿಸಿ, ಓದಿ ಬಕೆಟ್ಟಿಗೆ ಹಾಕುತ್ತಿದ್ದೆ. ವಕ್ಕಲೇರಿಯಿಂದ ಬರುವ ಸರೋಜಮ್ಮ ನೋಡುವಷ್ಟು ನೋಡಿ, “ಏನ್ ಮೇಡಂ, ಪೊಲೀಸರು ಚೆಕ್ ಮಾಡ್ದಂಗೆ ಮಾಡ್ತೀರ? ನಮ್ಮನೆ ಕಾಗದದಲ್ಲಿ ಬಾಂಬ್ ಇಟ್ಟಿರ್ತೀವಾ?” ಅಂದರು. ಎಲ್ಲರೂ ನಕ್ಕರು. ಪಿನ್ನು ಗಿನ್ನು ಇದ್ದರೆ ಕೈಗೆ ಚುಚ್ಚುತ್ತೆ ಅಂತ ಏನೋ ಒಂದು ಹೇಳಿ ತಪ್ಪಿಸಿಕೊಂಡೆ. ಅದು ಸುಳ್ಳು. ನಿಜವಾದ ಕಾರಣವನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ.

ನಾನು ಹುಟ್ಟಿ ಬೆಳೆದದ್ದು ದೇವರಾಯಸಮುದ್ರದಲ್ಲಿ. ಕೆರೆಯ ಕಡೆಗೆ ಮುಖಮಾಡಿದ ಜಗಲಿ, ಒಳಗೆ ಹಗಲಲ್ಲೂ ಅರೆಗತ್ತಲ ನಡುಮನೆ, ಹಿತ್ತಿಲಲ್ಲಿ ಬೇವಿನ ಮರದ ಕೆಳಗೆ ಒರಳು. ಆ ಮನೆ ಈಗಿಲ್ಲ. ಅದಿದ್ದ ಜಾಗದಲ್ಲಿ ಸಿಮೆಂಟ್ ಇಟ್ಟಿಗೆ ಜೋಡಿಸಿಟ್ಟಿದ್ದಾರೆ, ಬಸ್ಸಿನಲ್ಲಿ ಹೋಗುವಾಗ ನಾನು ಆ ಕಡೆ ನೋಡುವುದಿಲ್ಲ. ಅಪ್ಪನ ತಾಯಿಯನ್ನು ನಾವು ಅವ್ವ ಅನ್ನುತ್ತಿದ್ದೆವು. ಆಂಧ್ರದ ಗಡಿಯಾಚೆ ಪುಂಗನೂರಿನ ಕಡೆಯಿಂದ ಸೊಸೆಯಾಗಿ ಬಂದವಳು. ಕನ್ನಡ ಆಡುವಾಗಲೂ ತೆಲುಗಿನ ಹಾಗೆ ಕೊನೆಯಲ್ಲಿ ಎಳೆಯುತ್ತಿದ್ದಳು. ಯಾವ ಭಾಷೆಯ ಅಕ್ಷರವೂ ಅವಳಿಗೆ ತಿಳಿಯದು. ಬೇಸಿಗೆ ಬಂತೆಂದರೆ ಬುಟ್ಟಿ ಮಾಡಲು ಕೂರುತ್ತಿದ್ದಳು. ಚೂರು ಮಾಡಿದ ಕಾಗದ ಮೂರು ದಿನ ಮಡಕೆಯಲ್ಲಿ ನೆನೆಯಬೇಕು. ಅದನ್ನು ಹಿಂಡಿ, ಮೆಂತ್ಯದ ಜೊತೆ ಒರಳಲ್ಲಿ ರುಬ್ಬಿ, ಬೋರಲು ಹಾಕಿದ ಬೋಸಿ ಪಾತ್ರೆಯ ಮೇಲೆ ಒದ್ದೆ ಬಟ್ಟೆ ಹಾಸಿ ಬೆರಳು ದಪ್ಪ ಮೆತ್ತುತ್ತಿದ್ದಳು. ನಾಲ್ಕೈದು ಬಿಸಿಲು ಕಂಡ ಮೇಲೆ ಬೋಸಿಯನ್ನು ತಟ್ಟಿದರೆ ಬುಟ್ಟಿ ಕಳಚಿಕೊಂಡು ಕೈಗೆ ಬರುತ್ತಿತ್ತು. ಅದಕ್ಕೆ ಹಳೆ ಸೀರೆಯ ಚೂರು ಅಂಟಿಸಿ, ನುಣುಪು ಕಲ್ಲಿನಿಂದ ಉಜ್ಜಿ, ಅವರೆಕಾಳು ತುಂಬಲು ಕೇರಿಯ ಹೆಂಗಸರಿಗೆಲ್ಲ ಕೊಡುತ್ತಿದ್ದಳು. ನಮ್ಮ ಕೇರಿಯಲ್ಲಿ ಅವ್ವನ ಬುಟ್ಟಿ ಇಲ್ಲದ ಅಡುಗೆಮನೆ ಇರಲಿಲ್ಲ.

ಅವ್ವನದೊಂದು ಕಟ್ಟುನಿಟ್ಟು ಇತ್ತು. ಓದಿ ಹೇಳದೆ ಯಾವ ಕಾಗದವನ್ನೂ ಮಡಕೆಗೆ ಹಾಕುವ ಹಾಗಿಲ್ಲ. ಬರೆದಿದ್ದು ಸರಸ್ವತಿ, ಸುಮ್ಮನೆ ನೀರಿಗೆ ಹಾಕಬಾರದು ಅನ್ನುವಳು. ದೇವರ ಹೆಸರಿದ್ದ ಲಗ್ನಪತ್ರಿಕೆ ಬೇರೆ ಇಡಬೇಕು, ಯಾರಿಗಾದರೂ ಮುಂದೆ ಬೇಕಾಗುವ ಕಾಗದ ಬೇರೆ ಇಡಬೇಕು. ಓದುವ ಕೆಲಸ ನನ್ನದು. ಆಗ ನನಗೆ ಒಂಬತ್ತು ವರ್ಷ, ತರಗತಿಗೆ ಮೊದಲನೆಯವಳು, ಭಾರಿ ಜಂಬದ ಹುಡುಗಿ. ಕಡಲೆಕಾಯಿ ಕಟ್ಟಿದ ಚೂರನ್ನೂ ರಾಗವಾಗಿ ಓದುತ್ತಿದ್ದೆ. ಅವ್ವ ಕೈಯಲ್ಲಿ ಹಿಟ್ಟು ಹಿಡಿದುಕೊಂಡೇ ಬಾಯಿ ತೆರೆದು ಕೇಳುತ್ತಿದ್ದಳು. “ನಮ್ಮುಡುಗಿ ಓದ್ತಾಳೆ ನೋಡ್ರೇ, ನೀರು ಕುಡ್ದಂಗೆ” ಎಂದು ದಾರಿಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳುತ್ತಿದ್ದಳು. ನಾನು ಇನ್ನೂ ಉಬ್ಬಿ, ತೆಲುಗು ಏನು ಮಹಾ, ಅದೂ ನನಗೆ ಬರುತ್ತೆ ಅಂದುಬಿಟ್ಟೆ. ಅವ್ವನ ಅಕ್ಕ ತೌರಿನಲ್ಲೇ ಇದ್ದಳು, ಅವಳಿಂದ ಬರುವ ಕಾರ್ಡುಗಳು ತೆಲುಗಿನವು. ಅಪ್ಪನಿಗೆ ತೆಲುಗು ಮಾತು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅಂಗಡಿ ಬೀದಿಯಲ್ಲಿ ಬಳೆ ಮಾರುವ ಬಶೀರ್ ಸಾಬರು ಮದನಪಲ್ಲಿಯಲ್ಲಿ ವ್ಯಾಪಾರ ಮಾಡಿ ಬಂದವರು. ಕಾರ್ಡನ್ನು ಅವರ ಹತ್ತಿರ ಒಯ್ದು, ಅವರು ಓದಿದ್ದನ್ನು ಕೇಳಿಕೊಂಡು ಬಂದು ಅವ್ವನಿಗೆ ಹೇಳುವುದು ನಮ್ಮ ಮನೆಯ ವಾಡಿಕೆ.

ಆ ದಿನ ಅಂಚೆಯವರು ಕಾರ್ಡು ಕೊಟ್ಟಾಗ ಅವ್ವ ಮೊಣಕೈವರೆಗೂ ಹಿಟ್ಟು ಮಾಡಿಕೊಂಡು ಕೂತಿದ್ದಳು. ಗೆಳತಿಯರು ಬೀದಿಯಲ್ಲಿ ಕುಂಟೆಬಿಲ್ಲೆಯ ಮನೆ ಬರೆದು ನನ್ನನ್ನು ಕೂಗುತ್ತಿದ್ದರು. “ಅಕ್ಕಂದಾ? ನಿಂಗೇ ಬರ್ತದಲ್ಲ, ಓದೇ” ಅಂದಳು ಅವ್ವ. ಪಕ್ಕದ ಮನೆಯ ಹೆಂಗಸರಿಬ್ಬರು ಜಗಲಿಯಲ್ಲಿದ್ದರು. ಅವರ ಎದುರಿಗೆ ಬರಲ್ಲ ಅನ್ನುವುದು ಹೇಗೆ? ಕಾರ್ಡನ್ನು ಮುಖದ ಮುಂದೆ ಹಿಡಿದು, “ಎಲ್ಲಾರೂ ಚೆನ್ನಾಗಿದಾರಂತೆ. ಅಲ್ಲಿ ಮಳೆ ಬಂತಂತೆ. ನಿನ್ನ ಕೇಳಿದ್ರಂತೆ” ಅಂದೆ. ಅವ್ವನ ಮುಖ ಅರಳಿತು. ಮಳೆ ಬಂತಾ, ಈ ಬಿಸಿಲಲ್ಲಾ, ಪುಣ್ಯ ಕಣೇ ಅಂದಳು. ಆಮೇಲೆ ನನಗೆ ಭಯ ಹತ್ತಿತು. ಈ ಕಾರ್ಡು ಎಂದಾದರೂ ಬಶೀರ್ ಸಾಬರ ಕೈಗೆ ಸಿಕ್ಕಿದರೆ ನನ್ನ ಬಂಡವಾಳ ಬಯಲಾಗುತ್ತದೆ. ಅವ್ವ ನೀರಿಗೆ ಎದ್ದು ಹೋದಾಗ ಕಾರ್ಡನ್ನು ನಾಲ್ಕು ಚೂರು ಮಾಡಿ, ನೆನೆಯುತ್ತಿದ್ದ ಕಾಗದದ ತಳಕ್ಕೆ ತುರುಕಿ ಆಡಲು ಓಡಿದೆ. ಮೂರು ದಿನದ ಮೇಲೆ ಅವ್ವ ಅದನ್ನೂ ಸೇರಿಸಿ ರುಬ್ಬಿದಳು.

ಒಂದು ತಿಂಗಳಾಗಿರಬೇಕು. ಪುಂಗನೂರಿನಿಂದ ಅವ್ವನ ಅಕ್ಕನ ಮಗ ಬಂದರು. ತಲೆ ಬೋಳಿಸಿದ್ದರು. ಒಳಗೆ ಬರಲಿಲ್ಲ, ಕೊಟ್ಟ ನೀರು ಮುಟ್ಟಲಿಲ್ಲ. ಜಗಲಿಯ ಕೆಳಗೆ ನಿಂತೇ, “ಅಮ್ಮ ಕಾರ್ಡು ರಾಯಿಂಚೆ ಗದಾ ಚಿನ್ನಮ್ಮಾ, ರಾಕಪೋತಿವೇ” ಅಂದರು. ಅಮ್ಮ ಕಾರ್ಡು ಬರೆಸಿದ್ದಳಲ್ಲ ಚಿಕ್ಕಮ್ಮಾ, ನೀನು ಬರಲೇ ಇಲ್ಲವಲ್ಲ ಅಂತ. ಕಾಯಿಲೆ ಬಿದ್ದ ಅವರಮ್ಮ ಪಕ್ಕದ ಮನೆಯವರ ಕೈಲಿ ತಾನೇ ಹೇಳಿ ಬರೆಸಿದ್ದಳಂತೆ. ಎಂಟು ದಿನ ಬಾಗಿಲ ಕಡೆಗೇ ನೋಡುತ್ತಿದ್ದಳಂತೆ, ಯಾರು ಬಂದರೂ ತಂಗಿಯಾ ಅನ್ನುತ್ತಿದ್ದಳಂತೆ. ಅದೇ ಸಿಟ್ಟಿಗೆ ಅವರು ಸಾವಿನ ಸುದ್ದಿಯನ್ನೂ ನಮಗೆ ಮುಟ್ಟಿಸಿರಲಿಲ್ಲ. ನಾನು ಕಂಬದ ಹಿಂದೆ ನಿಂತಿದ್ದೆ. ಅವ್ವ ಒಂದು ಸಲ ನನ್ನ ಕಡೆ ತಿರುಗಿದಳು. ನನ್ನ ಮುಖದಲ್ಲಿ ಎಲ್ಲವೂ ಇತ್ತು ಅಂತ ಕಾಣುತ್ತದೆ. ತಕ್ಷಣ ಅವರ ಕಡೆ ತಿರುಗಿ, “ಕಾರ್ಡೇ ಬರ್ಲಿಲ್ಲ ನಾಯನಾ” ಅಂದಳು. ದೇವರ ಮೇಲೆ ಆಣೆ ಇಡು ಅಂದರು ಅವರು. ಅವ್ವ ಆಣೆಯನ್ನೂ ಇಟ್ಟಳು. ಹುಟ್ಟಿದಾಗಿನಿಂದ ಸುಳ್ಳು ಹೇಳದ ನನ್ನ ಅವ್ವ, ನನಗೋಸ್ಕರ, ಸತ್ತ ಅಕ್ಕನ ಮಗನ ಎದುರು ದೇವರ ಮೇಲೆ ಸುಳ್ಳು ಆಣೆ ಇಟ್ಟಳು. ಅವರು ನಂಬಿದರೋ ಇಲ್ಲವೋ, ಬಂದ ದಾರಿಯಲ್ಲೇ ಹೊರಟುಹೋದರು. ಆ ಮನೆಯವರು ಮತ್ತೆ ನಮ್ಮಲ್ಲಿಗೆ ಬರಲಿಲ್ಲ.

ಅವ್ವ ನನ್ನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಹೊಡೆದಿದ್ದರೆ ಅತ್ತು ಹಗುರಾಗುತ್ತಿದ್ದೆನೋ ಏನೋ. ಕಾರ್ಡು ಎಲ್ಲಿ ಎಂದು ಕೇಳಿದಳು, ನಾನು ಆ ಸಲದ ಬುಟ್ಟಿಯನ್ನು ತೋರಿಸಿದೆ. ಅದನ್ನು ಮಾತ್ರ ಅವಳು ಯಾರಿಗೂ ಕೊಡಲಿಲ್ಲ. ಅದರಲ್ಲಿ ಎಲೆಅಡಿಕೆ ತುಂಬಿ ತಲೆದಿಂಬಿನ ಪಕ್ಕ ಇಟ್ಟುಕೊಂಡಳು, ಗೆದ್ದಲು ಹಿಡಿದು ಪುಡಿಯಾಗುವವರೆಗೂ. ಮುಂದಿನ ಬೇಸಿಗೆಯಲ್ಲಿ ಮತ್ತೆ ಮಡಕೆ ಇಟ್ಟು, ಮೊದಲಿನ ಹಾಗೇ ನನ್ನನ್ನು ಕೂಗಿ, “ಬಾರೇ, ಓದಿ ಹೇಳು” ಅಂದಳು. ನಾನು ತಲೆ ತಗ್ಗಿಸಿಕೊಂಡು ಒಂದೊಂದು ಚೂರನ್ನೂ ಓದಿದೆ, ರಾಗ ಎಳೆಯಲಿಲ್ಲ. ದಾರಿಯಲ್ಲಿ ಹೋಗುವವರನ್ನು ಅವ್ವನೂ ನಿಲ್ಲಿಸಲಿಲ್ಲ.

ನಾನು ಕಾಲೇಜಿಗೆ ಹೋಗುವಾಗ ಅವ್ವ ಹಾಸಿಗೆ ಹಿಡಿದಳು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಎರಡು ಚಮಚ ಕುಡಿದು ಸಾಕು ಅಂದಳು. ಆಮೇಲೆ ಊರ ಸುದ್ದಿ ಕೇಳುವ ಹಾಗೆ ಕೇಳಿದಳು: “ಆ ಕಾರ್ಡಲ್ಲಿ ಅಕ್ಕ ಏನು ಬರ್ಸಿದ್ಲೇ?” “ನಂಗೆ ತೆಲುಗು ಓದಕ್ಕೆ ಬರ್ತಿರ್ಲಿಲ್ಲ ಅವ್ವಾ. ಸುಳ್ಳು ಹೇಳ್ದೆ” ಅಂದೆ. “ಅದು ಗೊತ್ತು ಬಿಡು. ನಂಗಾದ್ರೆ ಎಲ್ಲಾ ಇರುವೆ ಸಾಲು. ನೀನು ಅಕ್ಷರ ಕಲ್ತೋಳಲ್ವಾ. ಒಂದಕ್ಷರಾನೂ ತಿಳೀಲಿಲ್ವಾ?” ಅಂದಳು. ಇಲ್ಲ ಅಂದೆ. ಅವ್ವ ಹೂಂ ಅಂದು ಗೋಡೆಯ ಕಡೆ ಹೊರಳಿದಳು.

ತೆಲುಗಿನ ಅಕ್ಷರ ನಮ್ಮ ಅಕ್ಷರದ ಹಾಗೇ ಇರುತ್ತದೆ, ನಿಮಗೂ ಗೊತ್ತು. ಬೆರಳಿಟ್ಟು ಕೂಡಿಸಿ ಓದಿದ್ದರೆ ಒಂಬತ್ತು ವರ್ಷದವಳಿಗೂ ನಾಲ್ಕು ಮಾತು ಸಿಗುತ್ತಿತ್ತು. ತೆಲುಗಿನಲ್ಲಿ ಬಾ ಅನ್ನುವುದಕ್ಕೆ ರಾ ಅನ್ನುತ್ತಾರೆ. ಆ ‘ರಾ’ ಒಂದಾದರೂ ಸಿಕ್ಕೇ ಸಿಗುತ್ತಿತ್ತು. ಆದರೆ ಕಾರ್ಡನ್ನು ಮುಖದ ಮುಂದೆ ಹಿಡಿದಾಗ ನನ್ನ ಕಣ್ಣು ಅದರ ಅಂಚಿನಾಚೆ, ಬೀದಿಯಲ್ಲಿ ಆಡುತ್ತಿದ್ದ ಹುಡುಗಿಯರ ಮೇಲಿತ್ತು. ನಾನು ಅದನ್ನು ನೋಡಿಯೇ ಇರಲಿಲ್ಲ. ಅವ್ವ ಇನ್ನೂ ಹನ್ನೊಂದು ದಿನ ಬದುಕಿದ್ದಳು, ಇದೊಂದನ್ನು ನಾನು ಅವಳಿಗೆ ಹೇಳಲಿಲ್ಲ.