ಹೈದರಾಬಾದ್ ಮೇಲಿಂದ ನಾಗಪುರಕ್ಕೆ

ಬೆಂಗಳೂರಿನಿಂದ ನಾಗಪುರಕ್ಕೆ ವಿಮಾನದಲ್ಲಿ ಎರಡು ಗಂಟೆ ಬೇಕಿಲ್ಲ. ನಾನು ನಸುಕಿನಲ್ಲಿ ಹೊರಟು ಮಧ್ಯಾಹ್ನ ತಲುಪಿದೆ. ನಡುವೆ ಹೈದರಾಬಾದನ್ನೂ ಮುಟ್ಟಿ ಬಂದೆ. ನನ್ನ ಟಿಕೆಟ್ಟಿನಲ್ಲಿ ಆ ಊರಿನ ಹೆಸರೇ ಇರಲಿಲ್ಲ.

ಟಿಕೆಟ್ಟು ಅಕ್ಕನ ಕೃಪೆ. ಅಕ್ಕ ಶುಭಾ ಅದೇ ವಿಮಾನದ ಸಹ ಪೈಲಟ್. ಸೀಟು ಉಳಿದರೆ ಸಿಬ್ಬಂದಿಯ ಮನೆಯವರಿಗೆ ಕಂಪನಿ ಅಗ್ಗಕ್ಕೆ ಕೊಡುತ್ತದೆ. ನಿಲ್ದಾಣಕ್ಕೆ ಹೋಗಲು ಟ್ಯಾಕ್ಸಿಗೆ ತೆತ್ತದ್ದು ಅದಕ್ಕಿಂತ ಜಾಸ್ತಿ. ಭಾವ ನಾಗಪುರದ ರಾಮದಾಸಪೇಠಿನ ಆಸ್ಪತ್ರೆಯೊಂದರಲ್ಲಿ ಡಾಕ್ಟರು. ಮಗಳು ಮಿಹಿಕಾ ಒಂದನೇ ತರಗತಿ. ಅವತ್ತು ಬೆಳಿಗ್ಗೆ ಸದರ್ ಬಡಾವಣೆಯ ಅವಳ ಶಾಲೆಯಲ್ಲಿ ಗ್ಯಾದರಿಂಗ್, ಅಂದರೆ ನಮ್ಮ ಕಡೆಯ ವಾರ್ಷಿಕೋತ್ಸವ. ಅವಳು ಕಿತ್ತಳೆಹಣ್ಣಿನ ವೇಷ ಹಾಕಿ ಕುಣಿಯುವವಳಿದ್ದಳು. ಹಿಂದಿನ ವರ್ಷದ ಕುಣಿತದ ಹೊತ್ತಿಗೆ ಅಕ್ಕ ಗುವಾಹಟಿಯಲ್ಲಿದ್ದಳು. ಈ ಸಲ ಬಂದೇ ಬರುತ್ತೇನೆಂದು ಮಗಳಿಗೆ ಮಾತು ಕೊಟ್ಟು, ಜೊತೆಯವರ ಕೈಕಾಲು ಹಿಡಿದು ಪಾಳಿ ಬದಲಿಸಿಕೊಂಡಿದ್ದಳು. ಏಳಕ್ಕೆ ಇಳಿದರೆ ಒಂಬತ್ತಕ್ಕೆ ಮುಂದಿನ ಸಾಲಿನಲ್ಲಿ ಕೂರಬಹುದು.

ನನ್ನ ಕಸುಬು ಮಿಮಿಕ್ರಿ. ನಮ್ಮಪ್ಪ ಇದನ್ನು ಕಸುಬು ಅನ್ನುವುದಿಲ್ಲ, ಚಾಳಿ ಅನ್ನುತ್ತಾನೆ. ಪಕ್ಕದಲ್ಲಿ ಮೈಸೂರ್ ಪಾಕಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡ ನಾಗಪುರದ ಮರಾಠಿ ಹೆಂಗಸೊಬ್ಬರಿದ್ದರು; ನಾನು ಕಾಕೂ, ಅಂದರೆ ಚಿಕ್ಕಮ್ಮ, ಅಂತ ಕರೆದೆ. ಪೈಲಟ್ಟುಗಳು ಈಗಷ್ಟೇ ನಿದ್ದೆಯಿಂದ ಎದ್ದು, ಇನ್ನೊಂದು ಮಗ್ಗುಲಿಗೆ ಹೊರಳುವ ಯೋಚನೆಯಲ್ಲಿರುವವರ ಹಾಗೆ ಮಾತಾಡುತ್ತಾರಲ್ಲ, ಅದನ್ನು ಬಾಯಿಗೆ ಕೈ ಅಡ್ಡ ಹಿಡಿದು ಮಾಡಿ ತೋರಿಸಿದೆ. ಕಾಕೂ ನಕ್ಕು ನಕ್ಕು ಡಬ್ಬಿ ಬಿಚ್ಚಿದರು. "ಪುನ್ಹಾ ಕರ್ ನಾ!" ಅಂದರು. ಇನ್ನೊಮ್ಮೆ ಮಾಡಿದೆ, ಇನ್ನೊಂದು ತುಂಡು ಸಿಕ್ಕಿತು. ಗಗನಸಖಿಯೂ ನಿಂತು ಕೇಳಿ ಹೋದಳು. ನಾಗಪುರ ಬರುವಷ್ಟರಲ್ಲಿ ನಾನು ಅರ್ಧ ವಿಮಾನದ ಕ್ಯಾಪ್ಟನ್ ಆಗಿಬಿಟ್ಟಿದ್ದೆ.

ಆಮೇಲೆ ನಿಜವಾದ ಕ್ಯಾಪ್ಟನ್ ಮಾತಾಡಿದರು. ಕೆಳಗೆ ಮಂಜು, ಸ್ವಲ್ಪ ಹೊತ್ತು ಸುತ್ತು ಹೊಡೆಯುತ್ತೇವೆ, ಅಂದರು. ಸುತ್ತು ಹೊಡೆದೆವು. ಮೇಲೆ ಆಗಷ್ಟೇ ಬಿಸಿಲು ಮೂಡುತ್ತಿತ್ತು, ಕೆಳಗೆ ಹತ್ತಿ ಹಿಂಜಿ ಹಾಸಿದ ಹಾಗೆ ಬಿಳುಪು. ಕೊನೆಗೆ ಗಾಲಿಗಳು ಗಡಗಡ ಕೆಳಗಿಳಿದವು, ನಾವು ಆ ಬಿಳುಪಿನೊಳಗೆ ಹೊಕ್ಕೆವು. ರೆಕ್ಕೆಯ ತುದಿ ಕಾಣದಾಯಿತು. ಇನ್ನೇನು ನೆಲ ಅನ್ನುವಾಗ ಇಂಜಿನ್ನು ಒಮ್ಮೆಲೇ ಅಬ್ಬರಿಸಿತು, ಬೆನ್ನು ಸೀಟಿಗೆ ಅಂಟಿತು, ವಿಮಾನ ಮೂಗೆತ್ತಿ ಮೇಲೇರಿತು. ಬಾಯಲ್ಲಿದ್ದ ಮೈಸೂರ್ ಪಾಕು ಗಂಟಲಲ್ಲಿ ಸಿಕ್ಕಿಕೊಂಡಿತು.

"ಬೇಟಾ," ಅಂದರು ಕಾಕೂ ಮೆಲ್ಲಗೆ, "ಮಾಝಾ ಹಾತ್ ಸೋಡ್."

ನೋಡಿದರೆ ಅವರ ಕೈಯನ್ನು ಬಳೆಗಳ ಸಮೇತ ಹಿಡಿದುಕೊಂಡಿದ್ದೆ. ಬಿಟ್ಟೆ.

ಸ್ವಲ್ಪ ಹೊತ್ತಿಗೆ ಅಕ್ಕನ ಧ್ವನಿ ಬಂತು. ರನ್‌ವೇ ಕಾಣದ ಕಾರಣ ಹೈದರಾಬಾದಿಗೆ ಹೋಗುತ್ತಿದ್ದೇವೆ ಎಂದು ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಸ್ವಚ್ಛವಾಗಿ ಹೇಳಿದಳು. ಹೈದರಾಬಾದ್ ಎಂಬ ಹೆಸರಿಗೆ ಮೊದಲು ಮಾತ್ರ ಒಂದು ಸಲ ಉಗುಳು ನುಂಗಿದಳು. ಇಡೀ ವಿಮಾನದಲ್ಲಿ ಅದು ಕೇಳಿಸಿದ್ದು ನನಗೊಬ್ಬನಿಗೇ ಇರಬೇಕು. ಇನ್ನೊಬ್ಬರ ಗಂಟಲು ಕದಿಯುವುದೇ ನನ್ನ ಹೊಟ್ಟೆಪಾಡಲ್ಲವೆ.

ಹೈದರಾಬಾದಿನಲ್ಲಿ ಯಾರನ್ನೂ ಕೆಳಗಿಳಿಸಲಿಲ್ಲ. ಇಂಧನ ತುಂಬಿಸಿಕೊಂಡು, ನಾಗಪುರದ ಮಂಜು ಕರಗುವುದನ್ನು ಕಾಯುತ್ತ ಕೂತೆವು. ಬಿಸಿನೀರು ಹಾಕಿದರೆ ಉಪ್ಪಿಟ್ಟಾಗುವ ಲೋಟ ಕೊಂಡು ತಿಂದೆ. ತಳದಲ್ಲಿ ರವೆ ರವೆಯಾಗಿಯೇ ಉಳಿದಿತ್ತು. ಅಕ್ಕ ಒಮ್ಮೆ ಮುಂದಿನ ಬಾಗಿಲ ಹತ್ತಿರ ಬಂದಳು.

"ಅಕ್ಕಾ, ಬಿರಿಯಾನಿ ತಿನ್ನಾಕ ಕರ್ಕೊಂಡ ಬಂದಿ ಏನು?"

"ಪಮ್ಯಾ, ಬಾಯಿ ಮುಚ್ಚ." ಫೋನು ನೋಡಿದಳು. "ಅಕೀದು ಮೂರನೇ ಐಟಂ ಅಂತ. ಈಗ ಶುರು ಆಗಿರ್ತೈತಿ."

ಫೋನನ್ನು ಅಂಗಿಯ ಕಿಸೆಗೆ ಹಾಕಿ, ಗುಂಡಿ ಹಾಕಿಕೊಂಡು ಒಳಗೆ ಹೋದಳು.

ನಾಗಪುರದಲ್ಲಿ ಇಳಿದಾಗ ಮಂಜೆಂಬುದು ಸುಳ್ಳೆನ್ನುವಂಥ ಬಿಸಿಲು. ಅವರಿಬ್ಬರ ಕೆಲಸದ ಹೊತ್ತು ಮುಗಿದಿತ್ತು. ಕ್ಯಾಪ್ಟನ್ ದೇಶಕರ್ ನಾಗಪುರದವರೇ, ಸದರಿನಲ್ಲಿ ಮನೆ. ನಮ್ಮನ್ನು ಬಿಡುತ್ತೇನೆಂದು ತಮ್ಮ ಕಾರಿಗೆ ಹತ್ತಿಸಿಕೊಂಡರು. "ಕಾಯ್ ಬೇ, ನನ್ನ ನಕಲು ಮಾಡಿದವನು ನೀನೇ ಏನು?" ಅಂತ ಹಿಂದಿ, ಮರಾಠಿ ಬೆರೆಸಿ ಶುರು ಮಾಡಿದರು. ಗಗನಸಖಿ ಚಾಡಿ ಹೇಳಿದ್ದಳು. ಮಾಡಲೇಬೇಕಾಯಿತು.

"ನಾನು ಹೀಗೆ ನಿದ್ದೆಗಣ್ಣಲ್ಲಿ ಮಾತಾಡ್ತೀನಾ?"

"ಬರೋಬರ್ ಹೀಗೇ, ಸರ್," ಅಂದಳು ಅಕ್ಕ. ಬೆಳಗಿನಿಂದ ಅವಳು ನಕ್ಕದ್ದು ಅದೊಂದೇ ಸಲ.

ವರ್ಧಾ ರಸ್ತೆಗೆ ಬಂದಾಗ ಕ್ಯಾಪ್ಟನ್ ಗಾಡಿ ನಿಧಾನಿಸಿ, ಸಾಲಾಗಿ ನಿಂತ ದೀಪದ ಕಂಬಗಳ ಕಡೆ ಗದ್ದ ಎತ್ತಿದರು. "ಇವೇ."

ಆಮೇಲೆ ಬಿಡಿಸಿ ಹೇಳಿದರು. ಇಳಿಯುವ ಕೊನೆಯ ಹಂತವನ್ನು ಅವತ್ತು ಕಣ್ಣಳತೆಯಲ್ಲೇ ಮಾಡಬೇಕಿತ್ತು. ಆಗ ಒಬ್ಬರು ಹೊರಗೆ ನೋಡುತ್ತಾರೆ, ಇನ್ನೊಬ್ಬರು ಯಂತ್ರಗಳ ಮುಳ್ಳು, ಅಂಕಿಗಳ ಮೇಲೆ ಕಣ್ಣಿಟ್ಟಿರುತ್ತಾರೆ. ಇಬ್ಬರಲ್ಲಿ ಯಾರೇ "ಗೋ ಅರೌಂಡ್" ಅಂದರೂ ಇನ್ನೊಬ್ಬರು ಯಾಕೆ ಎಂದು ಕೇಳುವಂತಿಲ್ಲ. ಮೊದಲು ಮೇಲೇಳಬೇಕು, ಕಾರಣ ಆಮೇಲೆ. ಇಂಧನ ಒಂದೇ ಪ್ರಯತ್ನಕ್ಕೆ ಸಾಕಿತ್ತು; ತಪ್ಪಿದರೆ ಹೈದರಾಬಾದ್ ಎಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರು.

"ಹುಟ್ಟಿ ಬೆಳೆದ ಊರು," ಅಂದರು ಕ್ಯಾಪ್ಟನ್. "ಮಂಜಿನಲ್ಲಿ ಈ ದೀಪದ ಸಾಲು ಕಂಡಿತು. ರನ್‌ವೇ ಇಲ್ಲೇ ಇರಬೇಕು ಅಂತ ಮನಸ್ಸು ಮೊದಲೇ ಹೇಳಿಬಿಟ್ಟಿತ್ತು. ಕಂಡಿತು ಅಂದುಬಿಟ್ಟೆ, ಆ ಕಡೆ ತಿರುಗಿಸಲೂ ಹೊರಟೆ. ರನ್‌ವೇ ಎಡಕ್ಕಿದೆ ಅಂತ ಇವಳ ಮುಳ್ಳು ಹೇಳ್ತಿತ್ತು. ಹೊಸಬರು ಇಲ್ಲಿ ಎರಡೆರಡು ಸಲ ನೋಡ್ತಾರೆ. ತಪ್ಪೋದು ನಮ್ಮಂಥ ಊರಿನವರೇ. ಗೋ ಅರೌಂಡ್ ಅನ್ನಲು ಇವಳು ಒಂದು ಕ್ಷಣ ತಡಮಾಡಲಿಲ್ಲ."

ಅಕ್ಕ ಕಿಟಕಿಯ ಹೊರಗೆ ನೋಡುತ್ತ, ನನಗೆ ಮಾತ್ರ ತಿಳಿಯುವಂತೆ ಕನ್ನಡದಲ್ಲಿ ಅಂದಳು, "ತಡಾ ಮಾಡಿದ್ನಿ, ಪಮ್ಯಾ. ಒಂದ ಉಸುರಿನಷ್ಟು. ಮಿಹಿಕಾ ಕಣ್ಮುಂದ ಬಂದ್ಲು. ಅವರಿಗೆ ಗೊತ್ತಾಗಲಿಲ್ಲ ಅಷ್ಟ."

ಅವಳ ಟೊಪ್ಪಿಗೆ ಹಿಡಿದುಕೊಂಡು ಕೂತೆ.

ರಾಮದಾಸಪೇಠಿನ ಮನೆಯಲ್ಲಿ ಮಿಹಿಕಾ ಕಿತ್ತಳೆ ವೇಷ ಬಿಚ್ಚದೆ ಬಾಲ್ಕನಿಯ ಕಡೆ ಮುಖ ಮಾಡಿ ನಿಂತಿದ್ದಳು. ಹಿಂದಿನಿಂದ ನೋಡಿದರೆ ಎರಡು ಕಾಲು ಬಂದ ಒಂದು ದೊಡ್ಡ ಸಂತ್ರಾ. "ಮಮ್ಮಿ, ತೂ ಪ್ರಾಮಿಸ್ ಮಾಡಿದ್ದಿ," ಅಂತ ಗೋಡೆಗೆ ಹೇಳಿದಳು. ತಾವೇ ಹೇಳಬೇಕೆಂದು ಮೇಲಿನವರೆಗೆ ಬಂದಿದ್ದ ಕ್ಯಾಪ್ಟನ್ ಮೊಣಕಾಲೂರಿ, ತಪ್ಪು ತನ್ನದು, ಅಮ್ಮನದಲ್ಲ ಎಂದು ಮರಾಠಿಯಲ್ಲಿ ವಿವರಿಸಿದರು. ಸಂತ್ರಾ ತಿರುಗಲಿಲ್ಲ.

ಭಾವ ಬೀದಿಯ ತಳ್ಳುಗಾಡಿಯಿಂದ ತರ್ರಿ ಪೋಹೆ ಕಟ್ಟಿಸಿ ತಂದಿದ್ದರು. ಅವಲಕ್ಕಿಯ ಮೇಲೆ ಕಡಲೆಯ ಕೆಂಪು ರಸ, ಮೂಗಲ್ಲಿ ನೀರು ಬರುವಷ್ಟು ಖಾರ. ತಿನ್ನುತ್ತ ಭಾವ ಫೋನು ಮುಂದೆ ಹಿಡಿದರು. "ಪೂರಾ ವಿಡಿಯೋ ತಗೊಂಡೀನಿ, ನೋಡ."

ಅಕ್ಕ ಕೈ ಚಾಚಲಿಲ್ಲ. "ಅಕಿ ತೋರಿಸಿದ್ರ ನೋಡ್ತೀನಿ."

ನಮ್ಮ ತಟ್ಟೆಗಳು ಅರ್ಧ ಖಾಲಿಯಾದವು. ಆಗ ಸಂತ್ರಾ ಉರುಳುತ್ತ ಬಂದು, ಅಪ್ಪನ ಕೈಯಿಂದ ಫೋನು ಕಸಿದು, ಅಮ್ಮನ ಪಕ್ಕ ನಿಂತು ವಿಡಿಯೋ ಹಚ್ಚಿತು. ನಡುವೆ ನಿಲ್ಲಿಸಿ ಬೆರಳಿಟ್ಟಳು.

"ಇಲ್ಲಿ ನೋಡ. ಇಲ್ಲಿ ನಂಗ ನೀಲಿ ಸಾಡಿ ಆಂಟಿ ಕಂಡ್ಲು. ನೀನ ಬಂದಿ ಅಂತ ಅನ್ನಿಸ್ತು. ಸ್ಮೈಲ್ ಕೊಟ್ಟೆ."

"ಆಮ್ಯಾಲೆ?"

"ಆಮ್ಯಾಲೆ ಬರೋಬರ್ ನೋಡ್ದೆ. ನೀ ಅಲ್ಲ. ಸ್ಮೈಲ್ ವಾಪಸ್ ತಗೊಂಡೆ."

ಏನಂದಳೆಂದು ಕ್ಯಾಪ್ಟನ್ ನನ್ನನ್ನು ಕೇಳಿದರು. ಹೇಳಿದೆ. ಅವರ ಚಮಚ ತಟ್ಟೆಯಲ್ಲೇ ನಿಂತಿತು. "ಮಲಾ ಪಣ್ ತಸಂಚ್ ಝಾಲಂ," ಅಂದರು ಮಿಹಿಕಾಗೆ, ನನಗೂ ಹಾಗೇ ಆಯಿತಮ್ಮಾ ಅನ್ನುವ ಹಾಗೆ. ಅವಳು ಅವರನ್ನು ಮೊದಲ ಸಲ ತಿರುಗಿ ನೋಡಿದಳು.

ಅಕ್ಕ ಮಗಳ ಕಡೆ ಬಾಗಿದಳು. "ಈಗ ಆ ಸ್ಮೈಲ್ ಎಲ್ಲೈತಿ?"

ಮಿಹಿಕಾ ಬಹಳ ಯೋಚಿಸಿದಳು. "ಐತಿ. ಪೂರಾ ನೋಡಿದ ಮ್ಯಾಲೆ ಕೊಡ್ತೀನಿ." ಮತ್ತೆ ಮೊದಲಿನಿಂದ ಹಚ್ಚಿದಳು.

ಮರುದಿನ ರೈಲಿಗೆ ಹೊರಟು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಒಮ್ಮೆ ತಿರುಗಿ ನೋಡಿದೆ. ಕಿತ್ತಳೆ ವೇಷ ಕುರ್ಚಿಯ ಮೇಲೆ ಬಿದ್ದಿತ್ತು. ಮಗಳು ಅಮ್ಮನ ಮಡಿಲಲ್ಲಿದ್ದಳು, ಇಬ್ಬರೂ ಎಷ್ಟನೆಯ ಸಲವೋ ಅದೇ ವಿಡಿಯೋ ನೋಡಿ ನಗುತ್ತಿದ್ದರು. ನನಗೆ ಟಾಟಾ ಹೇಳಬೇಕೆಂಬುದು ಯಾರಿಗೂ ನೆನಪಾಗಲಿಲ್ಲ.