ಹಗೂರದ ಆ್ಯಂಟಿವೈರಸ್ಸು

ಸಿಂದಗಿಯಲ್ಲಿ ನನ್ನದೊಂದು ಸಣ್ಣ ಡಿ.ಟಿ.ಪಿ. ಅಂಗಡಿ ಇದೆ. ಅಚ್ಚಿನ ಮೊಳೆ ಜೋಡಿಸುತ್ತಿದ್ದ ಕೈ ಕಂಪ್ಯೂಟರಿಗೆ ಬಂದು ಎಷ್ಟೋ ಕಾಲವಾದರೂ ಜನ ಅದನ್ನು ಪ್ರೆಸ್ಸು ಎಂದೇ ಕರೆಯುತ್ತಾರೆ, ನಾನೂ ಅಲ್ಲಗಳೆದಿಲ್ಲ. ಲಗ್ನಪತ್ರಿಕೆ, ವಾಸ್ತುಶಾಂತಿಯ ಕಾರ್ಡು, ಶ್ರದ್ಧಾಂಜಲಿಯ ಚೀಟಿ ಎಲ್ಲವೂ ಇಲ್ಲೇ. ಸುತ್ತಲಿನ ಹಳ್ಳಿಗಳ ಸುಖದುಃಖಗಳು ಬಹುಮಟ್ಟಿಗೆ ನನ್ನ ಕಾಗುಣಿತದ ತಪ್ಪುಗಳ ಸಮೇತವೇ ನಡೆದುಹೋಗಿವೆ.

ಕಂಪ್ಯೂಟರು ವಯಸ್ಸಾದದ್ದು. ಅದರಲ್ಲಿದ್ದ ಆ್ಯಂಟಿವೈರಸ್ಸು ಮಾತ್ರ ಹರೆಯದ್ದು, ಕರ್ತವ್ಯನಿಷ್ಠ. ಫೈಲು ತೆರೆದರೆ ತಪಾಸಣೆ, ಮುಚ್ಚಿದರೆ ತಪಾಸಣೆ, ಸುಮ್ಮನೆ ಕುಳಿತರೂ ತಪಾಸಣೆ. ನಾನು ‘ಅ’ ಒತ್ತಿ, ಎದುರಿನ ಅಂಗಡಿಯ ಚಹಾ ಕುಡಿದು ಬಂದರೆ, ಆ ಅಕ್ಷರ ಆಗಷ್ಟೇ ಪರದೆಯ ಮೇಲೆ ಬಂದು ನಿಂತಿರುತ್ತಿತ್ತು.

“ಎದ್ರೂ ಕೇಳ್ತೈತಿ, ಕುಂತ್ರೂ ಕೇಳ್ತೈತಿ. ಥೇಟ್ ನಮ್ಮತ್ತಿಯವ್ರಂಗ,” ಎಂದು ನನ್ನ ಹೆಂಡತಿ ಷರಾ ಬರೆದಳು. ತೀರಿಹೋದ ನನ್ನ ತಾಯಿಯ ಪರವಾಗಿ ನಾನು ವಾದಿಸಲಿಲ್ಲ. ಸಿ.ಪಿ.ಯು. ಪೆಟ್ಟಿಗೆಯನ್ನು ಹಳೆಯ ಧೋತರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಇಂಡಿ ಊರಿನ ಬಸ್ಸು ಹತ್ತಿದೆ. ಅಲ್ಲಿ ನನ್ನ ಅಕ್ಕನ ಅಳಿಯ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ.

“ಹಗೂರದ್ದೊಂದು ಹಾಕಿಕೊಡಪಾ,” ಎಂದೆ.

“ಹಗೂರಂದ್ರ ಹೆಂಗ್ರಿ ಮಾವಾರ? ಮಷಿನ್ ಮ್ಯಾಲೆ ಭಾರ ಬೀಳಬಾರದೋ, ನಿಮ್ಮ ಮ್ಯಾಲೆ ಬೀಳಬಾರದೋ?”

“ಇಬ್ಬರ ಮ್ಯಾಲೂ.”

“ಅಂಥದ್ದು ಇನ್ನಾ ಹುಟ್ಟಿಲ್ರಿ.”

ಅವನು ಎರಡನ್ನು ತೋರಿಸಿದ. ಕನ್ಯಾ ನೋಡಲು ಹೋದ ಹಿರಿಯನ ಗಾಂಭೀರ್ಯದಿಂದ ನಾನು ಎರಡರ ಗುಣದೋಷಗಳನ್ನೂ ಆಲಿಸಿದೆ. ಮೊದಲನೆಯದು ತಕ್ಕಮಟ್ಟಿಗೆ ಹಗುರ. ಇಂಟರ್ನೆಟ್ಟಿನಿಂದ ಇಳಿಸಿಕೊಂಡ ಪ್ರತಿ ಫೈಲನ್ನೂ ತಾನಾಗಿಯೇ ನೋಡಿ ಒಳಗೆ ಬಿಡುತ್ತದೆ. ಎರಡನೆಯದು ಹೂವಿನಷ್ಟು ಹಗುರ. ಕರೆಯುವ ತನಕ ಎದ್ದು ಬರುವುದೇ ಇಲ್ಲ.

“ಇದಕ್ಕ ನೀವ ಹೇಳಬೇಕ್ರಿ. ಡೌನ್‌ಲೋಡ್ ಮಾಡಿದ್ದನ್ನ ತೆಗೆಯೂಕಿಂತ ಮೊದಲ ಮೌಸಿನ ಬಲಗುಂಡಿ ಒತ್ತಿ ಸ್ಕ್ಯಾನ್ ಮಾಡಸಬೇಕು. ನೀವು ಮರೀತೀರಿ.”

“ಮೂವತ್ತು ವರ್ಷ ಕರಡು ತಿದ್ದಿದಾಂವ ನಾನು. ಮರಿಯೂ ಮಂದಿ ಬ್ಯಾರೆ,” ಎಂದೆ. ಶಿಸ್ತಿನ ಬಗ್ಗೆ ಇನ್ನೂ ಒಂದಷ್ಟು ಹೇಳಿದೆ. ಪಾಪ, ಅವನು ಕೇಳಿಸಿಕೊಂಡ. ಎರಡನೆಯದನ್ನೇ ಹಾಕಿಸಿಕೊಂಡು ಬಂದೆ.

ಈಗ ‘ಅ’ ಒತ್ತಿದರೆ ‘ಅ’ ಬರುತ್ತಿತ್ತು. ಮಾನಿಟರಿನ ಮೇಲೆ “ತಪಾಸಣೆ ಆಯಿತೇ?” ಎಂದು ದಪ್ಪಕ್ಷರದ ಚೀಟಿ ಅಂಟಿಸಿದೆ. ಎಂಟು ದಿನ ಅದನ್ನು ಶ್ರದ್ಧೆಯಿಂದ ಪಾಲಿಸಿದೆ. ಆಮೇಲೆ ಆ ಚೀಟಿ ಗೋಡೆಯ ಸುಣ್ಣದ ಹಾಗೆ ಕಣ್ಣಿಗೆ ಬೀಳದಾಯಿತು.

ಆ ಸುಮಾರಿಗೆ ಯಂಕಂಚಿಯ ಮಾಸ್ತರರೊಬ್ಬರು ಬಂದರು. ಕನ್ನಡ ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು. ಅವರ ತಾಯಿ ಮೊಹರಮ್ಮಿನ ರಿವಾಯತ ಪದಗಳನ್ನು ಹಾಡುತ್ತಿದ್ದರಂತೆ, ಜೋಳ ಹಸನು ಮಾಡುತ್ತ, ಕೌದಿ ಹೊಲಿಯುತ್ತ, ಎಲ್ಲವನ್ನೂ ಕನ್ನಡದಲ್ಲಿ. ಆಕೆ ಕಣ್ಣು ಮುಚ್ಚುವ ಮೊದಲು ಮಗ ನಲವತ್ತೊಂದು ಪದಗಳನ್ನು ಬರೆದುಕೊಂಡು, ಸಾಲಿಯ ಕಂಪ್ಯೂಟರಿನಲ್ಲಿ ಒಂದೇ ಬೆರಳಿನಿಂದ ಎರಡು ವರ್ಷ ಟೈಪು ಮಾಡಿದ್ದರು. ಪುಸ್ತಕವಾಗಬೇಕು, ನಾಳೆ ಪೆನ್‌ಡ್ರೈವ್ ತರುತ್ತೇನೆ ಎಂದರು.

ನನಗೆ ಹುರುಪು ಬಂತು. ಮುಖಪುಟಕ್ಕೆ ಹಳೆಯ ಮೊಳೆಯಂಥ ಅಕ್ಷರ ಬೇಕೆಂದು ಅಂದೇ ಹುಡುಕಿದೆ. ಯಾವುದೋ ಜಾಲತಾಣದಲ್ಲಿ ಪುಕ್ಕಟೆ ಸಿಕ್ಕಿತು; ಇಳಿಸಿಕೊಂಡೆ. ಫಾಂಟಿನ ಜೊತೆ ಅದೇ ಹೆಸರಿನ ಇನ್ನೊಂದು ಸಣ್ಣ ಫೈಲಿತ್ತು. ಒತ್ತಿದೆ, ಏನೂ ಆಗಲಿಲ್ಲ. ಏನೂ ಆಗಲಿಲ್ಲವಲ್ಲ ಎಂದು ಇನ್ನೊಮ್ಮೆ ಒತ್ತಿದೆ. ಚೀಟಿ ಮೇಲಿನಿಂದ ಇದನ್ನೆಲ್ಲ ನೋಡುತ್ತಿತ್ತು.

ಮರುದಿನ ಮಾಸ್ತರರು ಕರವಸ್ತ್ರದ ಗಂಟು ಬಿಚ್ಚಿ ಪೆನ್‌ಡ್ರೈವ್ ಕೊಟ್ಟರು. ಚುಚ್ಚಿದೆ. ನಲವತ್ತೊಂದು ಫೈಲುಗಳ ಹೆಸರು ಬಂದವು. ಪ್ರತಿಯೊಂದರ ಮೂಲೆಯಲ್ಲೂ ಒಂದು ಸೊಟ್ಟ ಬಾಣದ ಗುರುತು. ಯಾವುದನ್ನು ಒತ್ತಿದರೂ ಪದವಿಲ್ಲ.

“ಮಾಸ್ತರ, ನಿಮ್ಮ ಪೆನ್‌ಡ್ರೈವಿಗೆ ವೈರಸ್ ಹತ್ತೈತಿ. ಎಲ್ಲೆಲ್ಲಿ ಹಾಕಿದ್ರಿ ಇದನ್ನ?”

ಅವರ ಮುಖ ಇಳಿಯಿತು. “ಬಸವನ ಬಾಗೇವಾಡ್ಯಾಗ ಒಂದ ಅಂಗಡ್ಯಾಗ ಹಾಕಿದ್ದೆರಿ. ಬೀಗರಿಗೆ ತೋರಸಾಕ ಒಂದ ಪದ ಪ್ರಿಂಟ್ ತಗಿಸಿದ್ದೆ.”

“ಅಲ್ಲೇ ಹತ್ತೈತಿ. ಅಂಥಲ್ಲೆಲ್ಲಾ ಹಾಕಬಾರದ್ರಿ. ನಮ್ಮಲ್ಲಿ ಆದ್ರ ಆ್ಯಂಟಿವೈರಸ್ ಐತಿ.”

“ಪದಾ?”

“ಹೋದಂಗರಿ. ಬರದ ಕಾಗದ ಇರಬೇಕಲ್ಲ?”

“ಟೈಪ್ ಆದಮ್ಯಾಲೆ ಕಾಗದ ಯಾಕಂತ ರದ್ದಿಗೆ ಹಾಕಿದೆ. ಸಾಲಿ ಕಂಪ್ಯೂಟರೂ ಬದಲಾಗೇತಿ.” ಕರವಸ್ತ್ರ ಮಡಚುತ್ತ ಅವರೇ ಕೇಳಿದರು: “ನಿಮ್ಮ ಮಷಿನ್ನಿಗೂ ಹತ್ತಿತೇನ್ರಿ? ನನ್ನಿಂದ ನಿಮಗ ತ್ರಾಸಾತು. ಮಾಫ್ ಮಾಡ್ರಿ ಅಣ್ಣಾರ.”

ನಾನು ಮಾಫ್ ಮಾಡಿದೆ. ದೊಡ್ಡ ಮನಸ್ಸಿನಿಂದ, ಎರಡು ಬುದ್ಧಿಮಾತು ಸೇರಿಸಿ ಮಾಫ್ ಮಾಡಿದೆ. ಮೇಲಾಗಿ ಪೆನ್‌ಡ್ರೈವನ್ನು ಶುದ್ಧ ಮಾಡಿಕೊಡುತ್ತೇನೆಂದು ಫಾರ್ಮ್ಯಾಟಿಗೆ ಹಾಕಿದೆ. ಅಲ್ಲಿ ‘ಕ್ವಿಕ್’ ಎಂಬುದರ ಮುಂದೆ ತಾನಾಗಿಯೇ ಒಂದು ಟಿಕ್ಕು ಇರುತ್ತದೆ. ಗಡಿಬಿಡಿಯ ಕೆಲಸ ನನಗೆ ಸೇರದು, ತೆಗೆದುಹಾಕಿದೆ. ಅದು ತಾಸುಗಟ್ಟಲೆ ನಡೆಯಿತು. ಮಾಸ್ತರರು ಬೆಂಚಿನ ಮೇಲೆ ಕುಳಿತು, ಖಾಲಿಯಾದ ಪೆನ್‌ಡ್ರೈವನ್ನು ಮತ್ತೆ ಅದೇ ಕರವಸ್ತ್ರದಲ್ಲಿ ಕಟ್ಟಿಕೊಂಡು ಹೋದರು.

ವಾರದ ನಂತರ ಮುದ್ದೇಬಿಹಾಳದವರೊಬ್ಬರು ಲಗ್ನಪತ್ರಿಕೆಗೆ ಫೋಟೊ ತಂದರು. ಸ್ಟುಡಿಯೋದವರು ಆಗಷ್ಟೇ ಪೊಟ್ಟಣ ಬಿಚ್ಚಿ ತುಂಬಿಕೊಟ್ಟ ಹೊಸ ಪೆನ್‌ಡ್ರೈವು. ನನ್ನ ಯಂತ್ರಕ್ಕೆ ಚುಚ್ಚಿ ತೆಗೆದು ಮತ್ತೆ ಚುಚ್ಚಿದಾಗ ವಧೂವರರ ಮೂಲೆಯಲ್ಲೂ ಸೊಟ್ಟ ಬಾಣ ಕುಳಿತಿತ್ತು. ಈ ಪೆನ್‌ಡ್ರೈವು ಬಾಗೇವಾಡಿಯನ್ನು ಕಂಡೇ ಇರಲಿಲ್ಲ. ಪೆಟ್ಟಿಗೆಯನ್ನು ಧೋತರದಲ್ಲಿ ಸುತ್ತಿಕೊಂಡು ಮತ್ತೆ ಇಂಡಿಗೆ ಹೋದೆ.

ಅಳಿಯ ಡೌನ್‌ಲೋಡಿನ ಫೋಲ್ಡರು ತೆಗೆದು ಬೆರಳಿಟ್ಟು ತೋರಿಸಿದ. “ಇದರಿ. ಫಾಂಟ್ ಅಂತ ಇಳಿಸೀರಲ್ಲ, ಇದರ ಕೂಡ ಬಂದೈತಿ. ಸ್ಕ್ಯಾನ್ ಮಾಡಿದ್ರೇನು?”

“ಚೀಟಿ ಅಂಟಿಸೇನಿ,” ಎಂದೆ.

“ಇರ್ಲಿ ಬಿಡ್ರಿ, ಇದು ಫೈಲ್ ಅಳಸಂಗಿಲ್ಲ. ಮುಚ್ಚಿಡತೈತಿ ಅಷ್ಟ.” ಎರಡು ಕಡೆ ಗುಂಡಿ ಒತ್ತಿದ, ವಧೂವರರು ನಗುತ್ತ ಎದ್ದು ಬಂದರು.

“ಫಾರ್ಮ್ಯಾಟ್ ಮಾಡಿದ್ರ?”

“ಕ್ವಿಕ್ ಮಾಡಿದ್ರ ಒಂದೀಟು ಹುಡುಕಿ ತಗೀಬಹುದ್ರಿ. ಪೂರಾ ಮಾಡಿದ್ರ ಮುಗೀತು. ಯಾಕ್ರಿ ಮಾವಾರ, ಯಾರರ ಮಾಡ್ಯಾರೇನು?”

“ಯಾರೋ ಮಾಡ್ಯಾರ,” ಎಂದೆ.

ನಮ್ಮ ಕಡೆ ‘ಹಗೂರ’ ಎಂದರೆ ತೂಕವಿಲ್ಲದ್ದು ಎಂದಷ್ಟೇ ಅಲ್ಲ. ಮೆಲ್ಲಗೆ, ಜೋಪಾನವಾಗಿ ಎಂದೂ ಆಗುತ್ತದೆ. ತುಂಬಿದ ಕೊಡ ಹೊತ್ತವಳಿಗೆ ‘ಹಗೂರ ಬಾ’ ಎನ್ನುತ್ತೇವೆ. ಜನ್ಮವಿಡೀ ಶಬ್ದಗಳ ಜೊತೆ ಕಳೆದ ನಾನು ಆ ಶಬ್ದದ ಒಂದೇ ಅರ್ಥವನ್ನು ಅಂಗಡಿಗೆ ತಂದುಕೊಂಡಿದ್ದೆ.

ಯಂಕಂಚಿಗೆ ಹೋಗಲು ನನಗೆ ಹನ್ನೆರಡು ದಿನ ಬೇಕಾದವು. ಬಸ್ಸಿಗೇನೂ ಕೊರತೆಯಿರಲಿಲ್ಲ. ಹನ್ನೆರಡೂ ದಿನ ನನಗೆ ನೆನಪಾಗುತ್ತಿದ್ದದ್ದು ಹೋದ ಪದಗಳಿಗಿಂತ ಹೆಚ್ಚಾಗಿ, ನಾನು ದಯಪಾಲಿಸಿದ ಆ ಮಾಫಿ. ಕಡೆಗೆ ಹೆಂಡತಿಯೇ, “ಚೀಟಿ ಬರದು ಅಂಟಸ್ಕೋರಿ, ಹೋಗಿದ್ದಾಯಿತೇ ಅಂತ,” ಎಂದಳು. ಹೋದೆ.

ನಾನು ಹೇಳಿದ್ದನ್ನೆಲ್ಲ ಮಾಸ್ತರರು ಕೇಳಿಸಿಕೊಂಡರು. ನಡುವೆ ಒಂದೇ ಪ್ರಶ್ನೆ: “ಅಂದ್ರ ಆವತ್ತು ನಾವು ಕುಂತಾಗ, ಪದ ಅದರಾಗ ಇದ್ದುವು?”

“ಇದ್ದುವ್ರಿ.”

“ಬಾಗೇವಾಡಿ ಅಂಗಡ್ಯಾಂವಗ ನಾ ಫೋನ್ ಹಚ್ಚಿ ಬೈದೇನ್ರಿ.”

“ಮಾಫ್ ಮಾಡ್ರಿ ಮಾಸ್ತರ.”

“ನೀವು ಆವತ್ತ ಲಗೂನ ಮಾಫ್ ಮಾಡಿದ್ರಿ,” ಎಂದರು. “ನನಗ ಅಷ್ಟ ಜಲ್ದಿ ಆಗಂಗಿಲ್ಲ. ತಾಳಿಕೋಟ್ಯಾಗ ನಮ್ಮ ಆಪಾ ಅದಾಳ. ಅಮ್ಮನ ಕೂಡ ಹಾಡಿದಾಕಿ. ಆಕಿ ಬಾಯಾಗ ಎಷ್ಟ ಉಳದಾವ ನೋಡೂಣು. ಆಮ್ಯಾಲೆ ಮಾಫಿ ಮಾತು.”

ಇಬ್ಬರೂ ತಾಳಿಕೋಟೆಗೆ ಹೋದೆವು. ಅವರಕ್ಕನಿಗೆ ಹಲ್ಲಿಲ್ಲ, ದನಿಯಿದೆ. ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿ, “ಅಳಿಸಿದಾಂವ ಇಂವನೇನು?” ಎಂದು ತಮ್ಮನನ್ನು ಕೇಳಿದಳು. ಆಮೇಲೆ ನನಗೇ ಚಹಾ ಮೊದಲು ಕೊಟ್ಟು, ಕಾಲು ಚಾಚಿ ಕುಳಿತು ಹಾಡಿದಳು. ಮಾಸ್ತರರು ಮೊಬೈಲಿನಲ್ಲಿ ಹಿಡಿದುಕೊಂಡರು. ಅಂದು ಏಳು ಪದ ಬಂದವು. ಒಂದು ಪದದ ನಡುವೆ ಆಕೆ ನಿಂತು, ಮುಂದಿನ ಸಾಲಿಗಾಗಿ ಬಹಳ ಹೊತ್ತು ನೆಲ ನೋಡಿದಳು. ಸಾಲು ಬರಲಿಲ್ಲ.

ಈಗ ಅವರು ತಿಂಗಳಿಗೊಮ್ಮೆ ಹೋಗಿ ಬರುತ್ತಾರೆ. ಒಂದೊಂದೇ ಪದವನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತಾರೆ. ಪ್ರತಿಯೊಂದರ ಕೆಳಗೆ “ಹಗೂರ ತಗೀರಿ” ಎಂದಿರುತ್ತದೆ. ತಮಾಷೆಯೋ ಎಚ್ಚರಿಕೆಯೋ ನಾನು ಕೇಳಿಲ್ಲ. ನಲವತ್ತೊಂದರಲ್ಲಿ ಇಪ್ಪತ್ತಾರು ಬಂದಿವೆ. ಉಳಿದ ಹದಿನೈದು ಆಕೆಗೂ ಬರುವುದಿಲ್ಲವಂತೆ; ಮಾಸ್ತರರು ಮಾತ್ರ ಇನ್ನೊಮ್ಮೆ ಕೇಳುತ್ತೇನೆ ಎನ್ನುತ್ತಾರೆ.

ಆ ಹೂವಿನಂಥದ್ದನ್ನು ತೆಗೆಸಿ, ಇಳಿದದ್ದನ್ನೆಲ್ಲ ತಾನೇ ನೋಡುವ ಇನ್ನೊಂದನ್ನು ಹಾಕಿಸಿಕೊಂಡಿದ್ದೇನೆ. ಯಂತ್ರ ಮತ್ತೆ ಏದುಸಿರು ಬಿಡುತ್ತದೆ. ಪದ ಬಂದಾಗ ಅದು ತಪಾಸಣೆ ಮುಗಿಸಲಿ ಎಂದು ಕೈಕಟ್ಟಿ ಕೂರುತ್ತೇನೆ. ಆಮೇಲೆ ಆ ಮುದುಕಿಯ ದನಿ ಕೇಳುತ್ತ ‘ಅ’ ಒತ್ತುತ್ತೇನೆ, ಕಾಯುತ್ತೇನೆ. ಚಹಾಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ.