ನನ್ನನ್ನು ನಪಾಸು ಮಾಡಿದ ಹೋಳಿಗೆ

ಐವತ್ತೊಂದನೆಯ ವಯಸ್ಸಿನಲ್ಲಿ ನನಗೆ ಸೈಕಲ್ಲಿನ ಹುಚ್ಚು ಹಿಡಿಯಿತು. ಆ ವಯಸ್ಸಿಗೆ ಹಿಡಿಯಬಹುದಾದ ಬೇರೆ ಹುಚ್ಚುಗಳನ್ನು ನೆನೆದು ಹೆಂಡತಿ ಸುಮ್ಮನಾದಳು. ನಾನು ಹೈಸ್ಕೂಲಿನ ಗಣಿತ ಮಾಸ್ತರ, ಮನೆ ಹುಬ್ಬಳ್ಳಿಯ ನವನಗರದಲ್ಲಿ. ನಮ್ಮಲ್ಲಿಯ ಸೈಕಲ್ ಸಂಘವೊಂದು ದೂರದ ಸವಾರಿಗಳನ್ನು ನಡೆಸುತ್ತದೆ. ಒಂದೇ ವರ್ಷದೊಳಗೆ ಇನ್ನೂರು, ಮುನ್ನೂರು, ನಾನೂರು, ಆರುನೂರು ಕಿಲೋಮೀಟರುಗಳ ನಾಲ್ಕೂ ಸವಾರಿಗಳನ್ನು ಹೊತ್ತಿಗೆ ಸರಿಯಾಗಿ ಮುಗಿಸಿದರೆ ಒಂದು ಪದಕ. ಸಾಲೆಯ ಆಟದ ಮೈದಾನದಲ್ಲಿ ಜೀವಮಾನವೆಲ್ಲ ಬೇರೆಯವರ ಸ್ಕೋರ್ ಬರೆದವನು ನಾನು. ಆ ಪದಕ ನನಗೆ ಬೇಕೇ ಬೇಕಿತ್ತು.

ಮೊದಲ ಇನ್ನೂರರ ದಾರಿ ಮರಳುವಾಗ ಸುಳ್ಳದ ಮೇಲೆ ಹಾದು ಬರುತ್ತಿತ್ತು. ಅದು ಅಕ್ಕನ ಗಂಡನ ಊರು. ನಮ್ಮ ಮನೆತನದಲ್ಲಿ ಬುತ್ತಿ ಇಲ್ಲದೆ ಯಾರೂ ಹೊಸ್ತಿಲು ದಾಟಿದವರಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೊರಟವನಿಗೂ ಅಕ್ಕ ನಾಲ್ಕು ರೊಟ್ಟಿ ಕಟ್ಟಿಕೊಡುವವಳು. ತಮ್ಮ ಇನ್ನೂರು ಕಿಲೋಮೀಟರ್ ತುಳಿಯುತ್ತಾನೆಂದು ಕೇಳಿ ಸುಮ್ಮನಿರುತ್ತಾಳೆಯೇ? ಊರ ಮುಂದಿನ ಬೇವಿನ ಗಿಡದ ಕೆಳಗೆ ಕಾಯುತ್ತ ನಿಂತಿದ್ದಳು. ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು, ಮೇಲೆ ಶೇಂಗಾ ಹೋಳಿಗೆ. ಕೂತು ಗಡದ್ದಾಗಿ ಉಂಡೆ. ಉಳಿದ ಎರಡು ಹೋಳಿಗೆ ಬೆನ್ನ ಜೇಬಿಗೆ ಸೇರಿದವು.

ಗಡುವಿಗೆ ಇಪ್ಪತ್ತು ನಿಮಿಷ ಮೊದಲೇ ನವನಗರ ಮುಟ್ಟಿದೆ. ಅಲ್ಲಿ ಹೊತ್ತು ಬರೆದುಕೊಳ್ಳುತ್ತಿದ್ದ ಸಂಘದ ಮುಖ್ಯಸ್ಥ ನನ್ನ ಹಳೆಯ ವಿದ್ಯಾರ್ಥಿ. ಖುಷಿಯಲ್ಲಿ ಒಂದು ಹೋಳಿಗೆ ಅವನ ಕೈಗಿಟ್ಟೆ.

“ಭಾಳ ಛಲೋ ಐತ್ರಿ ಸರ್. ಎಲ್ಲಿಂದ ತಂದ್ರಿ?”

“ನಮ್ಮಕ್ಕ ಸುಳ್ಳದಾಗ ಹಾದ್ಯಾಗ ನಿಂತು ಊಟಾ ಮಾಡಿಸಿ ಕಳಿಸ್ಯಾಳಪಾ.”

ಅವನು ಹೋಳಿಗೆಯನ್ನು ಪೂರ್ತಿ ತಿಂದ. ಕೈ ಒರೆಸಿಕೊಂಡ. ಆಮೇಲೆ ನನ್ನ ಹೆಸರಿನ ಮೇಲೆ ಗೆರೆ ಎಳೆದ.

ನಿಯಮ ಹೀಗಿತ್ತು: ದಾರಿಯಲ್ಲಿ ಕೊಂಡು ತಿನ್ನಬಹುದು, ಗುರುತಿಲ್ಲದವರು ಕರೆದು ಕೊಟ್ಟರೂ ತಿನ್ನಬಹುದು, ಆದರೆ ನಮ್ಮವರು ಬಂದು ಕಾದು ನಿಂತು ಕೊಡುವಂತಿಲ್ಲ. “ಸ್ಟೆಪ್ ಬಿಟ್ರ ಉತ್ತರ ಸರಿ ಇದ್ರೂ ಮಾರ್ಕ್ಸ್ ಇಲ್ಲ ಅಂತ ನೀವ ಕಲಿಸೀರಲ್ರಿ ಸರ್,” ಎಂದ. ಮೂರು ವರ್ಷ ನಾನು ಹೇಳಿಕೊಟ್ಟದ್ದರಲ್ಲಿ ಪುಣ್ಯಾತ್ಮ ಅದೊಂದನ್ನೇ ನೆನಪಿಟ್ಟಿದ್ದ.

ಅಕ್ಕನಿಗೆ ಆಗಲೇ ಹೇಳಬೇಕಿತ್ತು. ಹೋಳಿಗೆ ತಿಂದು ನಪಾಸಾದೆನೆಂದು ಯಾವ ಬಾಯಿಂದ ಹೇಳಲಿ? ಮರುತಿಂಗಳು ಮತ್ತೆ ಅದೇ ಇನ್ನೂರಕ್ಕೆ ಹೊರಟೆ. ಸುಳ್ಳಕ್ಕೆ ಬಂದರೆ ಬೇವಿನ ಗಿಡದ ಕೆಳಗೆ ಅಕ್ಕ, ಜೊತೆಗೆ ಓಣಿಯ ನಾಲ್ಕು ಹೆಂಗಸರು. ನಾನು ಒಂದೇ ಕಾಲು ನೆಲಕ್ಕಿಟ್ಟೆ.

“ಅಕ್ಕಾ, ತಿನ್ನಂಗಿಲ್ಲ. ಮನಿಯವ್ರು ಕೊಟ್ಟದ್ದು ನಡಿಯಂಗಿಲ್ಲ. ಗುರ್ತಿಲ್ಲದವ್ರು ಕೊಟ್ರ ನಡೀತೈತಿ.”

“ಅಂದ್ರ? ಕಂಡವರ ಮನ್ಯಾಗಿಂದು ನಡೀತೈತಿ, ನನ್ನ ಕೈಯಾಗಿಂದು ನಡಿಯಂಗಿಲ್ಲ?”

“ನಿಯಮ ಅಂದ್ರ ನಿಯಮ! ಲಗೂ ದಾರಿ ಬಿಡು!”

ಎಂಟನೆಯ ಇಯತ್ತೆಯನ್ನು ಗದರಿಸುವ ದನಿಯಲ್ಲಿ, ಆ ಹೆಂಗಸರೆಲ್ಲರ ಎದುರು ಒದರಿದೆ. ಅಕ್ಕ ದಾರಿ ಬಿಟ್ಟಳು. ತುಸು ಮುಂದೆ ಹೊಲದ ಬದುವಿನಲ್ಲಿ ಯಾರೋ ಮುದುಕ “ಬರ್ರಿ, ಮಜ್ಜಿಗಿ ಕುಡೀರಿ” ಎಂದು ತಂಬಿಗೆ ಚಾಚಿದ. ನಿಯಮಕ್ಕೆ ತಕ್ಕ ಮಜ್ಜಿಗೆ. ಎರಡು ಗುಟುಕಿಗಿಂತ ಹೆಚ್ಚು ಇಳಿಯಲಿಲ್ಲ.

ಇನ್ನೂರು ಪಾಸಾದೆ. ಮುನ್ನೂರೂ ಪಾಸಾದೆ, ಅದಾದ ಮೇಲೆ ಎರಡು ದಿನ ಕುರ್ಚಿ ಮುಟ್ಟದೆ ನಿಂತೇ ಪಾಠ ಹೇಳಿದೆ, ಮಕ್ಕಳು ಅದನ್ನು ಉತ್ಸಾಹವೆಂದು ತಿಳಿದರು. ನಾನೂರರಲ್ಲಿ ದಿನವಿಡೀ ಎದುರುಗಾಳಿ, ಮೂರು ಪಂಕ್ಚರ್. ಗಾಳಿಗೂ ಟೈರಿಗೂ ಸಮನಾಗಿ ಬೈದು ಹೇಗೋ ಮುಗಿಸಿದೆ. ಆದರೆ ಈ ನಡುವೆ ನಾಗರ ಪಂಚಮಿ ಬಂದು ಹೋಯಿತು, ಅಕ್ಕ ಹಬ್ಬಕ್ಕೆ ತವರಿಗೆ ಬರಲಿಲ್ಲ. ಉಂಡಿಯ ಡಬ್ಬಿಯೂ ಬರಲಿಲ್ಲ. ಮದುವೆಯಾಗಿ ಹೋದಾಗಿನಿಂದ ಒಂದು ವರ್ಷವೂ ಹೀಗಾಗಿರಲಿಲ್ಲ. ಫೋನ್ ಮಾಡಿದರೆ ಭಾವ ಎತ್ತಿಕೊಂಡು “ಅಕಿ ಹಿತ್ತಲದಾಗ ಅದಾಳ” ಎನ್ನುವರು. ತಿಂಗಳುಗಟ್ಟಲೆ ಅಕ್ಕ ಹಿತ್ತಲಲ್ಲೇ ಇದ್ದಳು. ನನಗೆ ನನ್ನ ಮೇಲೇ ಸಿಟ್ಟು. ಹೋಗಿ ತಪ್ಪೊಪ್ಪಿಕೊಳ್ಳಲು ಮಾತ್ರ ಮಾಸ್ತರಿಕೆಯ ಸೊಕ್ಕು ಬಿಡಲಿಲ್ಲ.

ಕೊನೆಗೆ ಆರುನೂರು. ಶುಕ್ರವಾರ ಸಂಜೆ ಹೊರಟದ್ದು ರವಿವಾರ ಬೆಳಿಗ್ಗೆ ಹತ್ತರೊಳಗೆ ಮುಗಿಯಬೇಕು. ಎಂಟೂಕಾಲಿಗೆ ಸುಳ್ಳ ಮುಟ್ಟಿದಾಗ ಇನ್ನೂ ಇಪ್ಪತ್ತೈದು ಕಿಲೋಮೀಟರ್ ಬಾಕಿ, ಮೊಣಕಾಲುಗಳೆರಡೂ ಮುಷ್ಕರ ಹೂಡಿದ್ದವು. ಅದೇ ಬೇವಿನ ಗಿಡಕ್ಕೆ ಸೈಕಲ್ ಆನಿಸಿ ಕೂತುಬಿಟ್ಟೆ. ಸಾಕು, ಟೆಂಪೋ ಸಿಕ್ಕರೆ ಹೇರಿಕೊಂಡು ಹೋಗೋಣ ಎಂದುಕೊಂಡೆ.

ತಲೆ ಎತ್ತಿದರೆ ಅಕ್ಕ. ನಾನು ಹೋಳಿಗೆ ತಿಂದು ನಪಾಸಾದದ್ದನ್ನೂ ಇವತ್ತು ಈ ದಾರಿಯಲ್ಲಿ ಬರುವುದನ್ನೂ ನನ್ನ ಹೆಂಡತಿ ಫೋನಿನಲ್ಲಿ ಹೇಳಿದ್ದಳಂತೆ. ಮೂರು ಮಾರು ದೂರದಲ್ಲೇ ನಿಂತು ಎರಡೂ ಕೈ ಮುಂದೆ ಚಾಚಿ, ಅಂಗೈ ಬಿಚ್ಚಿ ತೋರಿಸಿದಳು.

“ನೋಡು, ಏನೂ ತಂದಿಲ್ಲ.”

ಸೆರಗನ್ನೂ ಝಾಡಿಸಿದಳು.

“ನೀರೂ ತಂದಿಲ್ಲ. ಬರೇ ನಿನ್ನ ನೋಡಾಕ ಬಂದೇನಿ. ಅದಕ್ಕೂ ನಿಯಮ ಐತೇನು?”

ಆ ಕೈಗಳನ್ನು ನಾನು ಬರಿದಾಗಿ ಕಂಡದ್ದು ಅದೇ ಮೊದಲು. ಅಳು ಬಂತು, ಬೆವರೆನ್ನುವಂತೆ ಒರೆಸಿಕೊಂಡೆ.

“ಇಲ್ಲಕ್ಕಾ. ಅವತ್ತ ನಿನ್ನ ಮ್ಯಾಲೆ ಒದರಬಾರದಿತ್ತು. ತಪ್ಪಾತು.”

“ಅದನ್ನ ಆಮ್ಯಾಲೆ ನೋಡೂಣು. ಹೊತ್ತಾತು, ಏಳು. ನಾ ಕೈ ಹಿಡದು ಎಬ್ಬಸಂಗಿಲ್ಲ, ನೀನ ಏಳು.”

ನಾನೇ ಎದ್ದೆ.

ಹತ್ತಕ್ಕೆ ಆರು ನಿಮಿಷವಿರುವಾಗ ನವನಗರ ಮುಟ್ಟಿದೆ. ಹಳೆಯ ವಿದ್ಯಾರ್ಥಿ ಮೊದಲು ನನ್ನ ಜೇಬಿನ ಕಡೆ ನೋಡಿ, “ಏನರ ತಂದೀರೇನ್ರಿ ಸರ್?” ಎಂದು ಆಸೆಯಿಂದಲೇ ಕೇಳಿದ. ಇಲ್ಲವೆಂದೆ. ಹೊತ್ತು ಬರೆದುಕೊಂಡು ಕೈ ಕುಲುಕಿದ. ನಾನು ಅಕ್ಕನಿಗೆ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು.

“ಮುಗೀತಕ್ಕಾ. ಪಾಸಾದೆ.”

“ಖರೇ ಮುಗೀತಲಾ? ಇನ್ನ ನಿಯಮ ಏನೂ ಇಲ್ಲಲಾ?”

“ಇಲ್ಲ.”

“ಹಂಗಾರ ಅಲ್ಲೇ ಇರು. ಹುಬ್ಬಳ್ಳಿ ಬಸ್ಸಿನ್ಯಾಗ ಕುಂತೇನಿ, ಬುತ್ತಿ ತೊಡಿ ಮ್ಯಾಲೈತಿ. ಪಂಚಮಿ ಉಂಡೀನೂ ನಿನ್ನೆ ಕಟ್ಟೇನಿ.”